ನಾಗಸೇನ ಪಾಸು ಮಾಡಿದ ಸೈಕಲ್ಲು

ನಾಗಸೇನನಿಗೆ ಯಾವ ವಸ್ತುವನ್ನೂ ಸುಮ್ಮನೆ ಕೊಂಡು ಗೊತ್ತಿಲ್ಲ. ಬೀದರಿನ ಪಕ್ಕದ ಕೊಳಾರದಲ್ಲಿ ನೀರಿನ ವಾಲ್ವ್ ತಯಾರಿಸುವ ಒಂದು ಕಾರ್ಖಾನೆಯಲ್ಲಿ ಅವನದು ಗುಣಮಟ್ಟ ನೋಡುವ ನೌಕರಿ. ಎದುರಿಗೆ ಬಂದ ಒಂದೊಂದು ತುಂಡನ್ನೂ ಎತ್ತಿ, ವರ್ನಿಯರ್ ಎಂಬ ಉಕ್ಕಿನ ಅಳತೆಗೋಲಿನ ಬಾಯಿಗೆ ಕೊಟ್ಟು, ಸರಿಯಿದ್ದರೆ ಹಸಿರು ಡಬ್ಬಿಗೆ, ಇಲ್ಲದಿದ್ದರೆ ಕೆಂಪು ಡಬ್ಬಿಗೆ ಹಾಕಬೇಕು. ಅಷ್ಟೇ ಕೆಲಸ. ವರ್ಷಗಟ್ಟಲೆ ಇದನ್ನೇ ಮಾಡಿದ ಮನುಷ್ಯನಿಗೆ ಜಗತ್ತೆಲ್ಲ ಎರಡು ಡಬ್ಬಿಯಾಗಿ ಕಾಣತೊಡಗಿತ್ತು. ಅವನ ಮನೆಯಿದ್ದ ಮೈಲೂರಿನ ತರಕಾರಿ ಬಂಡಿಯವರು ಅವನು ಬರುವುದನ್ನು ಕಂಡರೆ ಟೊಮ್ಯಾಟೊ ಮೇಲೆ ಗೋಣಿ ಎಳೆಯುತ್ತಿದ್ದರು. ಮದುವೆಗೆ ಹೋದರೆ ಊಟಕ್ಕೆ ಕೂಡುವ ಮೊದಲು ಮೇಜಿನ ಕಾಲು ಅಲ್ಲಾಡಿಸಿ ನೋಡುತ್ತಿದ್ದ. ಇಂಥ ಮನುಷ್ಯ ಇಡೀ ಬೀದರಿನಲ್ಲೇ ಅತಿ ಕೆಟ್ಟ ಸೈಕಲ್ಲನ್ನು ಹುಡುಕಿ ಹುಡುಕಿ, ಅಳೆದು ಅಳೆದು, ಹೆಂಡತಿಗಾಗಿ ಕೊಂಡು ತಂದ. ಈಗ ನೆನೆದರೆ ಅವನಿಗೆ ತನ್ನ ಕಪಾಳಕ್ಕೆ ತಾನೇ ಬಾರಿಸಿಕೊಳ್ಳಬೇಕು ಅನಿಸುತ್ತದೆ.

ಹೆಂಡತಿ ಮಹಾಮಾಯಾ ಪ್ರಾಥಮಿಕ ಶಾಲೆಯ ಶಿಕ್ಷಕಿ. ಆ ಬೇಸಿಗೆಯಲ್ಲಿ ಅವಳಿಗೆ ಬಡ್ತಿ ಬಂತು. ಔರಾದ ತಾಲೂಕಿನ ಒಂದು ಹಳ್ಳಿಯ ಶಾಲೆಗೆ ಮುಖ್ಯಗುರು. ಅವಳು ಎಷ್ಟೋ ವರ್ಷಗಳಿಂದ ಕಾದಿದ್ದ ಹುದ್ದೆ ಅದು. ತೊಂದರೆ ಒಂದೇ. ಬೀದರಿನಿಂದ ಹೊರಟ ಬಸ್ಸು ಔರಾದ ರಸ್ತೆಯ ಕ್ರಾಸಿನಲ್ಲಿ ಇಳಿಸಿ ಹೋಗುತ್ತದೆ, ಹಳ್ಳಿ ಅಲ್ಲಿಂದ ಬಹಳ ಒಳಗೆ. ಆಟೋ ತುಂಬಿದರೆ ಮಾತ್ರ ಹೊರಡುತ್ತದೆ, ಬೆಳಗಿನ ಹೊತ್ತು ಅದು ತುಂಬುವುದಿಲ್ಲ. ಸ್ಕೂಟಿ ಎಂದರೆ ಮಹಾಮಾಯಾಳಿಗೆ ಹೆದರಿಕೆ. ಸೈಕಲ್ ಕಲಿಯುತ್ತೇನೆ ಎಂದಳು.

ಹಾಗೆ ಅನ್ನುವಾಗ ಅವಳ ಮುಖದಲ್ಲಿ ಎಂಥದೋ ಆಸೆ ಇತ್ತು. ಭಾಲ್ಕಿಯ ತವರಿನಲ್ಲಿ ಇದ್ದ ಒಂದು ಸೈಕಲ್ಲು ಅಣ್ಣಂದಿರ ಪಾಲಿಗೆ ಹೋಗಿತ್ತು. ಶಿಕ್ಷಕಿಯಾದ ಮೇಲೆ ಎಂಟನೆಯ ತರಗತಿಯ ಹುಡುಗಿಯರಿಗೆ ಸರ್ಕಾರದ ಸೈಕಲ್ ಹಂಚುವಾಗ ಒಂದೊಂದರ ಹ್ಯಾಂಡಲ್ಲನ್ನೂ ಅವರ ಕೈಗೆ ಕೊಟ್ಟವಳು ಇವಳೇ. ಹುಡುಗಿಯರು ಗಂಟೆ ಬಾರಿಸುತ್ತ, ನಮಸ್ಕಾರ ಟೀಚರ್ ಎಂದು ಕೂಗುತ್ತ ಮುಂದೆ ಹೋಗುತ್ತಿದ್ದರು, ಇವಳು ಅವರ ಧೂಳಿನಲ್ಲಿ ನಡೆದು ಬರುತ್ತಿದ್ದಳು.

"ಸಾಲಿ ಶುರು ಆಗೋದ್ರೊಳಗ ಕಲೀತೇನಿ," ಅಂದಳು. "ಕಲೀಲಿಲ್ಲಂದ್ರ ಬಡ್ತಿ ಬ್ಯಾಡಂತ ಬರ್ದು ಕೊಡ್ತೇನಿ. ದಿನಾ ಯಾರ್ದೋ ಗಾಡಿ ಹಿಂದ ಕೂತು ಸಾಲಿ ನಡಸ್ಲಿಕ್ಕಾಗಂಗಿಲ್ಲ."

ಸೈಕಲ್ ಆರಿಸುವ ಜವಾಬ್ದಾರಿ ನಾಗಸೇನನದು. ಬೇರೆಯವರಿಗೆ ಬಿಡುವುದುಂಟೇ? ಊರಲ್ಲಿ ಸೈಕಲ್ ಅಂಗಡಿಗಳು ಬೇಕಾದಷ್ಟಿದ್ದವು. ಆದರೆ ರಿಂಗ್ ರೋಡಿನಲ್ಲಿ ಹೊಸದಾಗಿ ಒಂದು ದೊಡ್ಡ ಮಳಿಗೆ ತೆರೆದಿದ್ದರು. ಅಕ್ಕಿಯಿಂದ ಹಿಡಿದು ಬನಿಯನ್, ಟಿವಿ, ಸೈಕಲ್ಲಿನವರೆಗೆ ಎಲ್ಲ ಒಂದೇ ಸೂರಿನಡಿ, ತಣ್ಣನೆಯ ಗಾಳಿಯಲ್ಲಿ. ನಾಗಸೇನ ವರ್ನಿಯರನ್ನು ಜೇಬಿಗೆ ಹಾಕಿಕೊಂಡೇ ಹೋದ.

ಅಲ್ಲಿ ಅದು ನಿಂತಿತ್ತು. ನವಿಲಿನ ಬಣ್ಣದ ಮೈ, ಕಿತ್ತಳೆ ಬಣ್ಣದ ಗಾಲಿ, ತೆಳ್ಳನೆಯ ಟೈರು. ಮೈಮೇಲೆ ತಂತಿಗಿಂತಿಯ ಗೋಜಲಿಲ್ಲ, ಮುಂದೆ ಒಂದೇ ಒಂದು ಬ್ರೇಕು. ಫಿಕ್ಸೆಡ್ ಗೇರ್ ಎಂದು ಬೋರ್ಡು. ವಿದೇಶದಲ್ಲಿ ಈಗ ಇದೇ ನಡೆಯುತ್ತಿದೆ ಎಂದ ಅಂಗಡಿಯವ. ದೊಡ್ಡ ಊರುಗಳಲ್ಲಿ ಯಾರೂ ಕೊಳ್ಳದೆ ಉಳಿದದ್ದು ಬೀದರಿಗೆ ಬಂದು ಫ್ಯಾಷನ್ ಆಗುತ್ತದೆ ಎಂಬುದು ಆಗ ನಾಗಸೇನನ ತಲೆಗೆ ಹೊಳೆಯಲಿಲ್ಲ. ಜೊತೆಗೆ ಒಂದು ಸ್ಟೀಲ್ ಡಬ್ಬಿ ಬೇರೆ ಫ್ರೀ.

ಅವನು ಕೂತು ಅಳೆದ. ಪೈಪಿನ ಸುತ್ತಳತೆ ಅಳೆದ, ಗಾಲಿ ತಿರುಗಿಸಿ ಓಲಾಡುತ್ತದೆಯೇ ನೋಡಿದ, ವೆಲ್ಡಿಂಗಿನ ಮೇಲೆ ಉಗುರು ಎಳೆದ. ಅಂಗಡಿಯ ಹುಡುಗರು ಸುತ್ತ ನೆರೆದು ಕೈಕಟ್ಟಿ ನಿಂತರು. ಸೀಟಿನ ಕೆಳಗೆ ಬಣ್ಣ ಒಂದು ಕಡೆ ಗುಳ್ಳೆ ಎದ್ದಿದ್ದನ್ನು ಹಿಡಿದು, ಅದರ ಪರಿಹಾರವಾಗಿ ನೀರಿನ ಬಾಟಲಿಯೊಂದನ್ನು ಗಿಟ್ಟಿಸಿದಾಗ ಅವನಿಗೆ ಆದ ಜಂಭ ಅಷ್ಟಿಷ್ಟಲ್ಲ. ಎಲ್ಲ ಮಾಡಿದ, ಒಂದನ್ನು ಬಿಟ್ಟ. ಹತ್ತಿ ಕೂತು ಓಡಿಸಿ ನೋಡಲಿಲ್ಲ. ಸೈಕಲ್ ಮೇಲೆ ಕೂಡಬಾರದು ಎಂದು ಅಲ್ಲಿ ಬರೆದಿದ್ದರು, ನಾಗಸೇನ ಬೋರ್ಡಿಗೆ ಮರ್ಯಾದೆ ಕೊಡುವ ಮನುಷ್ಯ. ಅದಕ್ಕೂ ಹೆಚ್ಚಾಗಿ, ಅವನ ಕಾರ್ಖಾನೆಯಲ್ಲಿ ಅಳೆಯುವವರು ವಾಲ್ವಿಗೆ ನೀರು ಬಿಟ್ಟು ನೋಡುವುದಿಲ್ಲ. ಅದು ಬೇರೆ ವಿಭಾಗದವರ ಕೆಲಸ. ಇಷ್ಟು ವರ್ಷದಲ್ಲಿ ತಾನು ಪಾಸು ಮಾಡಿದ ಒಂದು ವಾಲ್ವಿನಿಂದಲೂ ನೀರು ಹರಿಯುವುದನ್ನು ಅವನು ಕಂಡಿರಲಿಲ್ಲ.

ಆ ಸೈಕಲ್ಲಿನ ಗುಣ ಇಷ್ಟು. ಬೇರೆ ಸೈಕಲ್ಲುಗಳಲ್ಲಿ ಕಾಲು ನಿಲ್ಲಿಸಿದರೆ ಪೆಡಲ್ ನಿಲ್ಲುತ್ತದೆ, ಗಾಲಿ ತನ್ನಷ್ಟಕ್ಕೆ ಓಡುತ್ತದೆ. ಹಿಂದಿನ ಗಾಲಿಯ ಫ್ರೀವೀಲು ಅದಕ್ಕಾಗಿಯೇ ಇರುವುದು. ಇದರಲ್ಲಿ ಅದು ಇರಲಿಲ್ಲ. ಗಾಲಿ ತಿರುಗುವಷ್ಟು ಹೊತ್ತೂ ಪೆಡಲ್ ತಿರುಗಲೇಬೇಕು. ಪಳಗಿದವರಿಗೆ ಅದೊಂದು ಮೋಜಂತೆ. ಕಲಿಯುವವರಿಗೆ ಅದು ಒದೆಯುವ ಎಮ್ಮೆ.

ಮನೆಗೆ ತಳ್ಳಿಕೊಂಡು ಬರುವಾಗಲೇ ಪೆಡಲ್ಲು ತಿರುತಿರುಗಿ ಅವನ ಮೀನಖಂಡಕ್ಕೆ ಬಡಿಯುತ್ತಿತ್ತು. ಹೊಸದಲ್ಲವೇ, ಬಿಗಿ ಇದೆ, ಎಣ್ಣೆ ಕುಡಿದರೆ ಸಡಿಲಾಗುತ್ತದೆ ಎಂದು ಅವನು ತನಗೆ ತಾನೇ ಸಮಾಧಾನ ಹೇಳಿಕೊಂಡ. ಯಾರೋ ಬಡಪಾಯಿ ಕಾರ್ಖಾನೆಯಲ್ಲಿ ಇಂಥ ಮಾತು ಹೇಳಿದ್ದರೆ ಅವನ ಜನ್ಮ ಜಾಲಾಡಿಬಿಡುತ್ತಿದ್ದ.

ಮಾರನೆಯ ಬೆಳಗಿನಿಂದ ಮೈಲೂರಿನ ಬಯಲಿನಲ್ಲಿ ಪಾಠ ಶುರುವಾಯಿತು. ಮಹಾಮಾಯಾ ಓಢಣಿಯನ್ನು ನಡುವಿಗೆ ಬಿಗಿದು ಹತ್ತುತ್ತಿದ್ದಳು. ನಾಗಸೇನ ಸೀಟು ಹಿಡಿದು ಹಿಂದೆ ಓಡುತ್ತಿದ್ದ. ನಾಲ್ಕು ಮಾರು ಹೋಗುತ್ತಿದ್ದಂತೆ ಅವಳಿಗೆ ಅಂಜಿಕೆಯಾಗಿ ಕಾಲು ನಿಲ್ಲಿಸುತ್ತಿದ್ದಳು, ಯಾರಾದರೂ ನಿಲ್ಲಿಸುತ್ತಾರೆ. ಪೆಡಲ್ಲು ಅವಳ ಕಾಲನ್ನು ಮೇಲಕ್ಕೆ ಎಸೆಯುತ್ತಿತ್ತು. ಅವಳು ಒಂದು ಕಡೆ, ಸೈಕಲ್ಲು ಒಂದು ಕಡೆ. ಒಂದೇ ಕಾಲು ಪೆಡಲ್ಲಿನ ಮೇಲಿಟ್ಟು, ಇನ್ನೊಂದರಿಂದ ನೆಲ ಒದ್ದು ತೇಲುವುದನ್ನು ಕಲಿಯಲು ನೋಡಿದಳು. ಅದೂ ಆಗಲಿಲ್ಲ, ಕಾಲಿಟ್ಟ ಪೆಡಲ್ಲೇ ಕೆಳಗಿನಿಂದ ಸುತ್ತಿ ಬಂದು ಕೆಡವುತ್ತಿತ್ತು. ಈ ನಡುವೆ ಸೀಟು ಮೂಗು ಕೆಳಗೆ ಹಾಕಿತು. ಒಂದು ಪೆಡಲ್ಲು ತಿರುಪಿನ ಎಳೆ ಸವೆದು ಕಳಚಿ ಬಿತ್ತು. ಚೈನು ದಿನಕ್ಕೊಮ್ಮೆ ಇಳಿಯುತ್ತಿತ್ತು. ಪ್ರತಿಯೊಂದಕ್ಕೂ ನಾಗಸೇನನ ಬಳಿ ಕಾರಣ ಸಿದ್ಧವಿತ್ತು. ನೀ ಒಂದೇ ಕಡೆ ಭಾರ ಹಾಕುತ್ತೀ, ನೀ ಹ್ಯಾಂಡಲ್ ಜಗ್ಗುತ್ತೀ, ನೀ ಉಸಿರು ಕಟ್ಟುತ್ತೀ. ಸೈಕಲ್ಲು ಪಾಸಾಗಿತ್ತಲ್ಲ, ಮತ್ತೆ ಅದರ ತಪ್ಪು ಹೇಗಾದೀತು?

ಪಕ್ಕದ ಮನೆಯ ಶಾಲುಬಾಯಿ ಮಾಳಿಗೆಯ ಮೇಲೆ ಹಪ್ಪಳ ಒಣಗಿಸುತ್ತ ಇದನ್ನೆಲ್ಲ ನೋಡುತ್ತಿದ್ದಳು. ಸೈಕಲ್ಲಿಗೇ ಏನೋ ಆಗಿರಬೇಕು, ನೀವೊಮ್ಮೆ ಹತ್ತಿ ನೋಡಿ ಎಂದು ಮೇಲಿನಿಂದ ಹೇಳಿದಳು. ಅಕ್ಕಾ, ನನ್ನ ಕೆಲಸವೇ ಇದು ಎಂದು ನಾಗಸೇನ ಗತ್ತಿನಿಂದ ಉತ್ತರ ಕೊಟ್ಟ.

ಒಂದು ದಿನ ಮಹಾಮಾಯಾಳ ಮೊಣಕಾಲಿನ ಕೆಳಗೆ ಪೆಡಲ್ ಬಡಿದು ಚರ್ಮ ಸುಲಿದು ರಕ್ತ ಬಂತು. ಅವಳು ನೆಲದ ಮೇಲೆ ಕೂತು ಗಾಯಕ್ಕೆ ಬಾಯಿಂದ ಗಾಳಿ ಊದುತ್ತಿದ್ದಳು. ನಾಗಸೇನನಿಗೂ ಓಡಿ ಓಡಿ ಏದುಸಿರು, ಡ್ಯೂಟಿಗೆ ಹೊತ್ತಾಗುತ್ತಿತ್ತು. ಸಿಟ್ಟು ನೆತ್ತಿಗೇರಿತು.

"ನಿನಗ ಬ್ಯಾಲೆನ್ಸೇ ಇಲ್ಲ," ಅಂದ. "ನಮ್ಮಲ್ಲೂ ಹಿಂಗ ಕೆಲವು ಪೀಸ್ ಬರ್ತಾವ. ಎಷ್ಟು ತಿಕ್ಕಿದ್ರೂ ಸರಿ ಆಗಂಗಿಲ್ಲ. ಕೆಂಪು ಡಬ್ಬಿಗಿ ಹಾಕಿ ಕೈ ತೊಳ್ಕೋಬೇಕು."

ಮಹಾಮಾಯಾ ಎದ್ದು ಮನೆಗೆ ಹೋಗಿ ಗಾಯ ತೊಳೆದುಕೊಂಡಳು. ಅವನು ಕಾರ್ಖಾನೆಯಿಂದ ಬರುವಷ್ಟರಲ್ಲಿ ಬ್ಯಾಗು ತುಂಬಿಯಾಗಿತ್ತು. ಅವ್ವನಿಗೆ ಸಕ್ಕರೆ ಹೆಚ್ಚಾಗಿದೆ, ಭಾಲ್ಕಿಗೆ ಹೋಗುತ್ತೇನೆ ಎಂದಳು. ಬಾಗಿಲಲ್ಲಿ ನಿಂತು, ಬಡ್ತಿ ಬೇಡವೆಂದು ಸೋಮವಾರ ಬರೆದು ಕೊಡುತ್ತೇನೆ, ನೀವು ಹೇಳಿದ್ದು ಖರೆ, ನನ್ನ ಕೈಲಿ ಆಗುವುದಲ್ಲ ಎಂದು ಮೆಲ್ಲಗೆ ಹೇಳಿ ಆಟೋ ಹತ್ತಿದಳು. ಅವಳು ಜಗಳವಾಡಿದ್ದರೆ ನಾಗಸೇನ ತಡೆದುಕೊಳ್ಳುತ್ತಿದ್ದ. ಒಪ್ಪಿಕೊಂಡು ಹೋದದ್ದನ್ನು ತಡೆದುಕೊಳ್ಳಲಾಗಲಿಲ್ಲ.

ಖಾಲಿ ಮನೆಯಲ್ಲಿ ನಾಲ್ಕು ದಿನ ಅನ್ನ ಸಾರು ಮಾಡಿಕೊಂಡು ಉಂಡ. ತಾನು ಅಂದದ್ದು ಸರಿಯೇ ಎಂದು ತನಗೆ ತಾನೇ ವಾದ ಮಾಡಿದ. ವಾದ ಗೆದ್ದರೂ ನಿದ್ದೆ ಬರಲಿಲ್ಲ. ಕೊನೆಗೆ ರವಿವಾರ ಬೆಳಿಗ್ಗೆ, ಸೈಕಲ್ಲು ಸರಿಯಿದೆ ಎಂಬುದನ್ನು ಶಾಲುಬಾಯಿಗೆ ಒಮ್ಮೆ ತೋರಿಸಿಯೇ ಬಿಡಬೇಕು ಎಂದು ತಾನೇ ಹತ್ತಿದ. ಬಯಲಿನಲ್ಲಿ ಒಂದು ಸುತ್ತು ಹೊಡೆದ. ಸ್ವಲ್ಪ ಬಿಗಿ ಅನಿಸಿತು, ಆದರೂ ಓಡಿತು. ನೋಡಿದೆಯಾ ಅಕ್ಕಾ ಎಂದು ಮಾಳಿಗೆಯತ್ತ ಕೈ ಬೀಸಿ, ಹುರುಪಿನಿಂದ ಔರಾದ ರಸ್ತೆಗೆ ತಿರುಗಿಸಿದ.

ಬೀದರ ಎತ್ತರದ ಮೇಲಿರುವ ಊರು. ಊರು ದಾಟಿದ ಮೇಲೆ ರಸ್ತೆ ಇಳಿಯುತ್ತದೆ. ಇಳಿಜಾರು ಬಂದಾಗ ನಾಗಸೇನ ಚಿಕ್ಕಂದಿನ ರೂಢಿಯಂತೆ ಎದೆ ಉಬ್ಬಿಸಿ, ಕಾಲು ನಿಲ್ಲಿಸಿ, ಗಾಳಿಗೆ ಮುಖ ಒಡ್ಡಿದ.

ಸೈಕಲ್ಲು ಅವನ ಮೊಣಕಾಲನ್ನು ತಂದು ಗದ್ದಕ್ಕೆ ಗುದ್ದಿತು. ಎರಡೂ ಕಾಲು ಪೆಡಲ್ಲಿನಿಂದ ಕಿತ್ತು ಬಂದವು. ಕೆಳಗೆ ಪೆಡಲ್ಲುಗಳು ಜೋಳದ ಕಣಿಕಿ ಕತ್ತರಿಸುವ ಮಷಿನ್ನಿನ ಹಾಗೆ ಗರಗರ ತಿರುಗತೊಡಗಿದವು. ಅವನು ಕಾಲು ಅಗಲಿಸಿ ಗಾಳಿಯಲ್ಲಿ ಹಿಡಿದುಕೊಂಡ. ಎದುರಿನಿಂದ ಬಂದ ಟ್ರ್ಯಾಕ್ಟರಿನವನು ಏನು ಸರ್ಕಸ್ ಎಂದು ನಿಲ್ಲಿಸಿ ನೋಡಿದ. ನಾಗಸೇನ ಬ್ರೇಕು ಒತ್ತಿದ. ಅದರ ಹಿಡಿಕೆ ಪಟ್ ಎಂದು ಮುರಿದು ಅವನ ಕೈಗೆ ಬಂತು. ವರ್ನಿಯರಿನಿಂದ ಅಳೆದಾಗ ಅದರ ದಪ್ಪ ಸರಿಯಾಗಿಯೇ ಇತ್ತು. ಪ್ಲಾಸ್ಟಿಕ್ಕು ಎಂಬುದನ್ನು ವರ್ನಿಯರು ಹೇಳುವುದಿಲ್ಲ. ಇನ್ನು ಉಳಿದದ್ದು ಒಂದೇ ಉಪಾಯ ಎಂದು ನೇಗಿಲು ಹೊಡೆದ ಎರೆ ಹೊಲಕ್ಕೆ ನುಗ್ಗಿಸಿದ. ಸೈಕಲ್ಲು ಹೆಂಟೆಗೆ ಬಡಿದು ನಿಂತಿತು. ಗುಣಮಟ್ಟದ ಸಾಹೇಬರು ನಿಲ್ಲದೆ ಮುಂದೆ ಹೋಗಿ ಮುಖ ಅಡಿಯಾಗಿ ಬಿದ್ದರು.

ಬಾಯೊಳಗಿನ ಮಣ್ಣು ಉಗುಳಿ ಎದ್ದು ಕೂತ. ಮೊದಲು ನಗು ಬಂತು, ತನ್ನ ಅವತಾರಕ್ಕೆ ತಾನೇ ನಕ್ಕ. ನಗುನಗುತ್ತಲೇ ಮಹಾಮಾಯಾಳ ಕಾಲಿನ ಗಾಯ ನೆನಪಾಯಿತು. ಅವಳು ಕಾಲು ನಿಲ್ಲಿಸಿದಾಗಲೆಲ್ಲ ಆಗುತ್ತಿದ್ದದ್ದು ಇದೇ. ದಿನಾ ಬೆಳಿಗ್ಗೆ, ಇದೇ. ಅದಾದರೂ ಅವಳು ಮಾರನೆಯ ದಿನ ಓಢಣಿ ಬಿಗಿದು ಮತ್ತೆ ಹತ್ತುತ್ತಿದ್ದಳು. ತಾನು ಹಿಂದೆ ನಿಂತು ನಿನಗೆ ಬ್ಯಾಲೆನ್ಸ್ ಇಲ್ಲ ಎನ್ನುತ್ತಿದ್ದ. ನಗು ಎಲ್ಲಿ ಹೋಯಿತೋ ಏನೋ. ಹೊಲದ ನಡುವೆ ಒಬ್ಬನೇ ಕೂತು ನಾಗಸೇನ ನಾಚಿಕೆಯಿಂದ ಕುಗ್ಗಿಹೋದ. ನಾಳೆ ಸೋಮವಾರ. ಅವಳು ಬರೆದು ಕೊಟ್ಟುಬಿಟ್ಟರೆ ಮುಗಿಯಿತು.

ಮನೆಗೂ ಹೋಗಲಿಲ್ಲ. ಸೈಕಲ್ಲನ್ನು ತಳ್ಳುತ್ತ, ಪೆಡಲ್ಲಿನಿಂದ ಒದೆ ತಿನ್ನುತ್ತ ಬಸ್ ನಿಲ್ದಾಣಕ್ಕೆ ಬಂದು, ಅದನ್ನು ಭಾಲ್ಕಿ ಬಸ್ಸಿನ ಮೇಲೆ ಹಾಕಿಸಿದ. ಇಂಥದ್ದನ್ನು ಟಿಕೆಟ್ಟು ತೆಗೆಸಿ ಒಯ್ಯುತ್ತೀರಲ್ಲ, ಇಲ್ಲೇ ಗುಜರಿಗೆ ಹಾಕಬಾರದೇ ಎಂದ ಕಂಡಕ್ಟರ್. ಪುರಾವೆ ಬೇಕು ಎಂದ ನಾಗಸೇನ. ದಾರಿಯುದ್ದಕ್ಕೂ ಹೇಳಬೇಕಾದದ್ದನ್ನು ಮನಸ್ಸಿನಲ್ಲೇ ಜೋಡಿಸಿಕೊಂಡ. ಮೊದಲು ಫ್ರೀವೀಲಿನ ವಿಷಯ, ಆಮೇಲೆ ಬ್ರೇಕಿನದು, ಕೊನೆಯಲ್ಲಿ ಕ್ಷಮೆ. ಕ್ಷಮೆ ಕೇಳುವುದರಲ್ಲೂ ಅವನಿಗೆ ಒಂದು ಕ್ರಮ ಬೇಕಿತ್ತು.

ಭಾಲ್ಕಿಯ ಮನೆಯ ಕಟ್ಟೆಯ ಮೇಲೆ ಅತ್ತೆ ಕೇಶರಬಾಯಿ ಅಕ್ಕಿ ಹಸನು ಮಾಡುತ್ತಿದ್ದಳು. ಮಣ್ಣು ಮೆತ್ತಿದ ಅಳಿಯನನ್ನೂ ಸೊಟ್ಟ ಸೈಕಲ್ಲನ್ನೂ ನೋಡಿ ತಲೆಯ ಮೇಲೆ ಸೆರಗು ಎಳೆದುಕೊಂಡಳು. ಮಹಾಮಾಯಾ ಎಲ್ಲಿ ಎಂದು ಕೇಳಿದ.

"ಹಾಲು ತರ್ಲಿಕ್ಕ ಹೋಗ್ಯಾಳಪಾ," ಅಂದಳು. "ಸೈಕಲ್ ಮ್ಯಾಲ."

ಅತ್ತೆಗೂ ತನ್ನನ್ನು ಕಂಡರೆ ಚೇಷ್ಟೆಯೇ ಎಂದು ಅವನು ಬೇಸರಪಡುವಷ್ಟರಲ್ಲಿ ಓಣಿಯ ತಿರುವಿನಲ್ಲಿ ಗಂಟೆ ಕೇಳಿತು. ಹಳೆಯ, ಬಣ್ಣ ಹೋದ, ಸರ್ಕಾರ ಕೊಟ್ಟ ಒಂದು ಸೈಕಲ್ಲು. ಹ್ಯಾಂಡಲ್ಲಿಗೆ ಹಾಲಿನ ಕ್ಯಾನು. ಮೇಲೆ ಮಹಾಮಾಯಾ. ಕಾಲು ನಿಲ್ಲಿಸಿ ಸರಾಗವಾಗಿ ತೇಲುತ್ತ ಬಂದು, ಅವನನ್ನು ಕಂಡು ಬ್ರೇಕು ಹಿಡಿದು ಇಳಿದಳು. ನಾಗಸೇನನಿಗೆ ಬಾಯಿಪಾಠ ಮಾಡಿದ್ದೆಲ್ಲ ಮರೆತುಹೋಯಿತು.

"ಅದು... ಫ್ರೀವೀಲ್ ಇಲ್ಲ ಅದರಾಗ," ಅಂದ.

"ಗೊತ್ತದ," ಅಂದಳು ಮಹಾಮಾಯಾ.

ಕ್ಯಾನನ್ನು ತಾಯಿಯ ಕೈಗೆ ಕೊಟ್ಟು, ಕಟ್ಟೆಯ ಮೇಲೆ ಕೂತು ಹೇಳಿದಳು. ಬಂದ ಮರುದಿನ ಪಕ್ಕದ ಮನೆಯ ಮರಿಯಮಬೀಯ ಮೊಮ್ಮಗಳ ಸೈಕಲ್ಲು ಬಿಸಿಲಿಗೆ ನಿಂತಿತ್ತು. ನೆರಳಿಗೆ ಸರಿಸೋಣ ಎಂದು ತಳ್ಳಿದಾಗ ಪೆಡಲ್ಲು ಕಾಲಿಗೆ ಬಡಿಯಲಿಲ್ಲ, ಸುಮ್ಮನೆ ನಿಂತೇ ಇತ್ತು. ಅಲ್ಲಿಯೇ ಹತ್ತಿದಳು. ಸೈಕಲ್ಲು ಹೋಯಿತು. ಓಣಿಯ ತುದಿಯವರೆಗೆ ಹೋಗಿ, ಇಳಿದು, ಅಲ್ಲಿಯ ಕಲ್ಲಿನ ಮೇಲೆ ಕೂತು ಅತ್ತಳಂತೆ.

ಖುಷಿಗೆ ಅಳು ಬಂದಿರಬೇಕು ಎಂದ ನಾಗಸೇನ.

"ಖುಷಿಗಲ್ಲರಿ. ನೀವು ಅಂದದ್ದು ನಾ ನಂಬಿಬಿಟ್ಟಿದ್ದೆ. ನನ್ನೊಳಗೇ ಏನೋ ಕಡಿಮಿ ಅದ ಅಂತ ನಂಬಿ, ಬರ್ದು ಕೊಡ್ಲಿಕ್ಕ ಹೊಂಟಿದ್ದೆ. ಇಷ್ಟು ವರ್ಷ ಮಕ್ಕಳಿಗಿ ಕಲಿಸೀನಿ. ಒಂದು ಕೂಸಿಗೂ ನಾ ಹಂಗ ಅಂದಿಲ್ಲ."

ಅವಳ ದನಿ ಏರಲಿಲ್ಲ. ಏರಿದ್ದರೆ ಚೆನ್ನಾಗಿತ್ತು. ಮುರಿದ ಬ್ರೇಕಿನ ಹಿಡಿಕೆ ಇನ್ನೂ ಅವನ ಮುಷ್ಟಿಯಲ್ಲೇ ಇತ್ತು, ಅದನ್ನು ತೋರಿಸಲು ನಾಚಿಕೆಯಾಯಿತು. ಸೈಕಲ್ಲಿನದು ತಪ್ಪಲ್ಲ, ನನ್ನದು ಎಂದ. ಹೌದು ಎಂದಳು ಮಹಾಮಾಯಾ. ಸಮಾಧಾನದ ಮಾತು ಇನ್ನೇನಾದರೂ ಬರುತ್ತದೆ ಎಂದು ಕಾದ. ಬರಲಿಲ್ಲ. ಬಡ್ತಿ ಒಪ್ಪಿಕೊಂಡು ಶುಕ್ರವಾರವೇ ಬರೆದು ಕೊಟ್ಟಿದ್ದೇನೆ ಎಂದಷ್ಟೇ ಹೇಳಿ ಅವಳು ಚಹಾಕ್ಕಿಡಲು ಒಳಗೆ ಹೋದಳು. ಅವಳನ್ನು ಉಳಿಸಲು ಓಡಿ ಬಂದವನಿಗೆ ಉಳಿಸಲು ಅಲ್ಲಿ ಏನೂ ಉಳಿದಿರಲಿಲ್ಲ. ಕೇಶರಬಾಯಿ ಅಳಿಯನ ಮೊಣಕಾಲಿಗೆ ಅರಿಶಿಣ ಹಚ್ಚುತ್ತ, ಇಷ್ಟು ದೊಡ್ಡವರಾಗಿ ಬೀಳುತ್ತಾರೇನಪ್ಪಾ ಎಂದು ನಕ್ಕಳು.

ಬೀದರಿಗೆ ಬಂದು ಆ ಸೈಕಲ್ಲನ್ನು ಮಳಿಗೆಗೆ ವಾಪಸು ಒಯ್ದ. ಅಂಗಡಿಯ ಹುಡುಗರು ಅವನನ್ನು ಮರೆತಿರಲಿಲ್ಲ. ಇಷ್ಟು ಕೂಲಂಕಷವಾಗಿ ನೋಡಿ ಕೊಂಡ ಗಿರಾಕಿಯನ್ನು ನಾವು ಬೇರೆ ಕಂಡೇ ಇಲ್ಲ ಸರ್, ಎಲ್ಲವನ್ನೂ ನೀವೇ ಅಳೆದು ಸರಿ ಅಂದಿರಲ್ಲ ಎಂದರು. ಇಂಗು ತಿಂದ ಮಂಗನಂತೆ ಮರಳಿದ. ಮಹಾಮಾಯಾ ತನ್ನ ಸೈಕಲ್ಲನ್ನು ತಾನೇ ಊರೊಳಗಿನ ಅಂಗಡಿಯಲ್ಲಿ ಕೊಂಡಳು. ಹತ್ತಿ ಬೀದಿಯ ಕೊನೆಯವರೆಗೆ ಹೋಗಿ ಬಂದು, ಇನ್ನೊಂದನ್ನು ಹತ್ತಿ ಹೋಗಿ ಬಂದು, ಆರಿಸಿದಳು. ನಾಗಸೇನ ಅವಳ ಪರ್ಸು ಹಿಡಿದುಕೊಂಡು ಹೊರಗೆ ನಿಂತಿದ್ದ. ಜೇಬಿನಲ್ಲಿ ವರ್ನಿಯರು ಇತ್ತು. ತೆಗೆಯಲಿಲ್ಲ.

ಶಾಲೆ ಶುರುವಾದ ದಿನ ಅವನು ರಜೆ ಹಾಕಿ ಜೊತೆಗೆ ಹೊರಟ. ಬೇಡವೆಂದರೂ ಕೇಳಲಿಲ್ಲ. ಔರಾದ ರಸ್ತೆಯ ಕ್ರಾಸಿನಲ್ಲಿ ಇಳಿದು, ಬಸ್ಸಿನ ಮೇಲಿಂದ ಸೈಕಲ್ ಇಳಿಸಿಕೊಂಡರು. ಇನ್ನು ಮೇಲೆ ಅದನ್ನು ಅಲ್ಲಿಯ ಚಹಾದ ಅಂಗಡಿಯಲ್ಲೇ ಇಡುವುದೆಂದು ಮಹಾಮಾಯಾ ಅಂಗಡಿಯ ಚಾಂದ ಪಾಶಾನೊಂದಿಗೆ ಮಾತಾಡಿಕೊಂಡಳು. ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ, ಬ್ಯಾಗನ್ನು ಹಿಂದೆ ಬಿಗಿದು ಹತ್ತಿದಳು. ನಾಗಸೇನನ ಕೈ ತಾನಾಗಿ ಹೋಗಿ ಸೀಟು ಹಿಡಿಯಿತು.

"ಕೈ ತಗೀರಿ," ಅಂದಳು. "ಬಿದ್ರ ನಾನೇ ಏಳ್ತೇನಿ."

ಅವನು ತೆಗೆದ. ಅವಳು ಹೊರಟಳು. ಮಣ್ಣಿನ ದಾರಿ, ಎರಡೂ ಕಡೆ ಬಿತ್ತನೆಗೆ ಹಸನಾದ ಹೊಲ. ಸ್ವಲ್ಪ ದೂರ ಹೋದ ಮೇಲೆ ಎದುರಿಗೆ ಕುರಿಮಂದೆ ಬಂತು. ಪಕ್ಕಕ್ಕೆ ಸರಿಯಲು ಹೋಗಿ ಮಹಾಮಾಯಾಳ ಸೈಕಲ್ಲಿನ ಮುಂದಿನ ಗಾಲಿ ಮರಳಿನಲ್ಲಿ ಜಾರಿತು. ಬಿದ್ದಳು.

ನಾಗಸೇನ ಓಡಲು ಕಾಲು ಎತ್ತಿದ. ಎತ್ತಿದ ಕಾಲನ್ನು ಅಲ್ಲೇ ಇಟ್ಟ. ಬಾಯಿಯ ತನಕ ಬಂದಿದ್ದ ಕೂಗನ್ನೂ ನುಂಗಿದ. ಹಾಗೆ ನಿಲ್ಲುವುದು ಅವನಿಗೆ ಬಹಳ ಕಷ್ಟವಾಯಿತು. ಅಷ್ಟು ದೂರದಲ್ಲಿ ಮಹಾಮಾಯಾ ಎದ್ದಳು. ಸೀರೆ ಝಾಡಿಸಿದಳು, ಹ್ಯಾಂಡಲ್ಲು ನೇರ ಮಾಡಿದಳು, ಕುರಿ ಕಾಯುವವನಿಗೆ ಏನೋ ಅಂದಳು, ಅವನು ನಕ್ಕ. ಮತ್ತೆ ಹತ್ತಿ ಹೋದಳು. ಕ್ರಾಸಿನಲ್ಲಿ ಒಬ್ಬ ನಿಂತು ನೋಡುತ್ತಿದ್ದಾನೆ ಎಂಬುದು ಅವಳಿಗೆ ನೆನಪಿದ್ದ ಹಾಗೆ ಕಾಣಲಿಲ್ಲ. ನಾಗಸೇನನಿಗೆ ಹೆಮ್ಮೆಯಾಯಿತು, ಅದರ ಜೊತೆಗೇ ಸಂಕಟವೂ ಆಯಿತು.

ಚಾಂದ ಪಾಶಾ ಚಹಾ ತಂದು ಕೊಡುತ್ತ, ಆ ಬಾಯಿಯವರು ಯಾರು ಎಂದು ಕೇಳಿದ. ಈ ಊರ ಸಾಲಿಗೆ ಬಂದ ಹೊಸ ಮುಖ್ಯಗುರು ಎಂದ ನಾಗಸೇನ.

"ಭಾರಿ ಧೈರ್ಯದವ್ರು ಇದ್ದಾರ ಬಿಡ್ರಿ. ಸೈಕಲ್ ಯಾರು ಕಲ್ಸ್ಯಾರ?"

ನಾನೇ ಎಂಬ ಮಾತು ನಾಗಸೇನನ ನಾಲಿಗೆಯ ತುದಿಗೆ ಬಂದುಬಿಟ್ಟಿತ್ತು. ಚಹಾದ ಜೊತೆ ಅದನ್ನು ನುಂಗಿಕೊಂಡ.

"ಆಕೀನೇ ಕಲ್ತಾಳರಿ," ಅಂದ. "ನಾ ಇದ್ದಿದ್ದಕ್ಕ ಸ್ವಲ್ಪ ತಡ ಆಯ್ತು."